91 ಅಂತ ಬರೆಯಬೇಕಿತ್ತು

10 ಜುಲೈ 2022, ಭಾನುವಾರ

ಪುಟ್ಟೀ,

ನಿನ್ನೆ ಫೋನಿನಲ್ಲಿ ಅಷ್ಟು ಕೂಗಾಡಿದ್ದು ನನ್ನ ತಪ್ಪು. ಜ್ವರ ಬಂದು ಮಲಗಿರುವ ಮಗಳನ್ನು ಯಾರಾದರೂ ಹಾಗೆ ಬೈತಾರಾ? ನಿನಗೆ ಕೋವಿಡ್ ಪಾಸಿಟಿವ್ ಬಂದು ನಾಲ್ಕು ದಿನವಾಗಿದೆ. ದಿನಾ ರಾತ್ರಿ ತಪ್ಪದೆ "ಚೆನ್ನಾಗಿದ್ದೀನಿ" ಅಂತ ಮೆಸೇಜ್ ಹಾಕಿದ್ದೀಯ. ವಿಷಯ ಗೊತ್ತಾಗಿದ್ದು ನಿನ್ನ ಗೆಳತಿಯಿಂದ. ಅದಕ್ಕೇ ಸಿಟ್ಟು ನೆತ್ತಿಗೇರಿತು. "ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?" ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ "ನೀವು ಹೇಳಿದ್ರಾ ಅಪ್ಪ?" ಅಂತ ಕೇಳಿ ಫೋನ್ ಇಟ್ಟುಬಿಟ್ಟೆ.

ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಏನು ಹೇಳಬೇಕೋ ತೋಚಲಿಲ್ಲ. ಬರೆಯುವುದೇ ಸರಿ ಅನ್ನಿಸಿತು.

ಹೋದ ವರ್ಷ ನನಗೆ ಕೋವಿಡ್ ಬಂದಾಗಿನ ಆ ಹದಿಮೂರು ದಿನದ ಆಸ್ಪತ್ರೆ ವಿಷಯ ಬೇಡ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅದರ ಹಿಂದಿನ ರಾತ್ರಿಯದು ಮಾತ್ರ ಹೇಳಬೇಕು.

ನೀನು ಸ್ಕೇಲಿಟ್ಟು ಹಾಳೆಗೆ ಗೆರೆ ಎಳೆದಿದ್ದೆ. ಸಮಯ, ಜ್ವರ, ಆಕ್ಸಿಜನ್, ನಾಡಿ ಅಂತ ನಾಲ್ಕು ಕಾಲಂ. ನಾಲ್ಕು ಗಂಟೆಗೊಮ್ಮೆ ನಾನು ಅದನ್ನು ತುಂಬಿ ಬಾಗಿಲ ಕೆಳಗಿನ ಸಂದಿಯಿಂದ ಆಚೆ ತಳ್ಳಬೇಕು. ನೀನು ನೋಡಿ ವಾಪಸ್ ತಳ್ಳಬೇಕು. ಪಕ್ಕದ ಕೋಣೆಯಲ್ಲಿ ನಿಮ್ಮಮ್ಮನಿಗೂ ಜ್ವರ. ಇಬ್ಬರನ್ನೂ ನೀನೊಬ್ಬಳೇ ನೋಡಿಕೊಂಡೆ. ನಿನ್ನ ವಯಸ್ಸಿನಲ್ಲಿ ನನ್ನ ಕೈಲಿ ಅದು ಆಗುತ್ತಿರಲಿಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ ಅಲ್ವಾ?

ರಾತ್ರಿ ಹನ್ನೊಂದಕ್ಕೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡೆ. 91 ಬಂತು. ಕೈ ತಣ್ಣಗಿದ್ದರೆ ತಪ್ಪು ತೋರಿಸುತ್ತೆ ಅಂತ ನೀನೇ ಹೇಳಿದ್ದೆಯಲ್ಲ, ಅಂಗೈ ಉಜ್ಜಿ ಮತ್ತೆ ನೋಡಿದೆ. 91. ಬೇರೆ ಬೆರಳಿಗೆ ಹಾಕಿದೆ. 90, ಆಮೇಲೆ 91. ಬಾಗಿಲಾಚೆ ನೀನು ಗೋಡೆಗೆ ಒರಗಿ ಕೂತಿದ್ದೆ. ಮೂರು ರಾತ್ರಿಯಿಂದ ನಿನಗೆ ನಿದ್ದೆ ಇರಲಿಲ್ಲ. ನಾನು ಪೆನ್ನು ತೆಗೆದುಕೊಂಡು 9 ಬರೆದೆ. ಪಕ್ಕದಲ್ಲಿ 1 ಬರೆಯಬೇಕಿತ್ತು. 6 ಬರೆದೆ.

"96! ನಿನ್ನೆಗಿಂತ ಜಾಸ್ತಿ ಇದೆ ಅಪ್ಪ" ಅಂದೆ ನೀನು. ಹತ್ತು ನಿಮಿಷದಲ್ಲಿ ಅಲ್ಲೇ ನೆಲದ ಮೇಲೆ ನಿದ್ದೆ ಹೋದೆ. ನಿನ್ನ ಉಸಿರಾಟ ನನಗೆ ಕೇಳುತ್ತಿತ್ತು.

ನೀನು ಸ್ವಲ್ಪ ಮಲಗಲಿ ಅಂತ ಹಾಗೆ ಮಾಡಿದೆ ಅಂತ ಒಂದು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸತ್ಯ. 91 ಅಂತ ಬರೆದಿದ್ದರೆ ನೀನು ಆಗಲೇ ಆಂಬುಲೆನ್ಸ್ ಕರೆಸುತ್ತಿದ್ದೆ. ನನಗೆ ಮನೆ ಬಿಟ್ಟು ಹೋಗಲು ಹೆದರಿಕೆ. ಹೋದವರು ವಾಪಸ್ ಬಾರದ ಸುದ್ದಿ ದಿನಾ ಕಿವಿಗೆ ಬೀಳುತ್ತಿದ್ದ ಕಾಲ ಅದು. ಜೊತೆಗೆ ನನಗೆ ಉಸಿರು ಕಟ್ಟಿದ ಹಾಗೆ ಏನೂ ಅನ್ನಿಸುತ್ತಿರಲಿಲ್ಲ. ಡಾಕ್ಟರು ಆಮೇಲೆ ವಿವರಿಸಿದರು. ಉಸಿರು ಕಟ್ಟಿದಂತೆ ಅನ್ನಿಸುವುದು ಮುಖ್ಯವಾಗಿ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಅದು ಹೊರಗೆ ಹೋಗುತ್ತಲೇ ಇರುತ್ತದಂತೆ, ಆಕ್ಸಿಜನ್ ಮಾತ್ರ ಸದ್ದಿಲ್ಲದೆ ಇಳಿಯುತ್ತದಂತೆ.

ಬೆಳಗಿನ ಜಾವ 86 ಇತ್ತು. ಆಸ್ಪತ್ರೆ ಬಾಗಿಲಲ್ಲಿ ಡಾಕ್ಟರು "ರಾತ್ರಿ ಎಷ್ಟಿತ್ತು?" ಅಂತ ಕೇಳಿದರು. ನೀನು ಹಾಳೆ ನೋಡಿ 96 ಅಂದೆ. ಅದೇ ಹೊತ್ತಿಗೆ ನಾನು 91 ಅಂದೆ. ನೀನು ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ನಿನ್ನೆಯವರೆಗೆ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅದಕ್ಕೇ ಪುಟ್ಟೀ, ನಿನ್ನ "ಚೆನ್ನಾಗಿದ್ದೀನಿ" ಅಂದರೆ ನನಗೆ ಭಯ. ಅದು ನಾನು ಬರೆದ 6ರ ಹಾಗೇ ಕಾಣುತ್ತದೆ.

ನೀನು ಲಸಿಕೆ ಹಾಕಿಸಿಕೊಂಡಿದ್ದೀಯ, ಚಿಕ್ಕ ವಯಸ್ಸು, ಜೋರಾಗುವ ಸಾಧ್ಯತೆ ಕಡಿಮೆ. ಆದರೂ ಹೇಳುತ್ತೇನೆ. ಆಕ್ಸಿಜನ್ ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂತಿರು. ಉಗುರಿಗೆ ಬಣ್ಣ ಹಚ್ಚಿದ್ದರೆ ತೆಗೆ. ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಿ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್ ಮಾಡು. 90ರ ಕೆಳಗೆ ಬಂದರೆ, ಇಲ್ಲವೇ ಎದೆ ನೋವು, ತುಟಿ ನೀಲಿ, ಮಾತು ತೊದಲುವುದು ಏನಾದರೂ ಕಂಡರೆ ನಮ್ಮನ್ನು ಕೇಳುತ್ತಾ ಕೂರಬೇಡ, ಆಸ್ಪತ್ರೆಗೆ ಹೊರಡು. ಜ್ವರ ಇಳಿಯಿತು ಅಂತ ಮೈಮರೆಯಬೇಡ. ನನಗೆ ಕೆಟ್ಟದ್ದು ಎಂಟನೇ ದಿನ. ನನ್ನ ಚೀಟಿಯಲ್ಲಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ನೀನಾಗಿ ನುಂಗಬೇಡ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಅನ್ನುವ ಔಷಧ ಪ್ರಯೋಗದಲ್ಲಿ ಆ ಔಷಧಿ ಆಕ್ಸಿಜನ್ ಬೇಕಾದವರ ಜೀವ ಉಳಿಸಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಉಪಯೋಗ ಕಾಣಲಿಲ್ಲ. ವೈರಸ್ಸಿಗೆ ಆ್ಯಂಟಿಬಯಾಟಿಕ್ಕೂ ಕೆಲಸ ಮಾಡುವುದಿಲ್ಲ. ಕಿಟಕಿ ತೆಗೆದಿಡು. ನೀರು ಕುಡಿ. ವಾಸಿಯಾದ ಮಾರನೇ ದಿನವೇ ಓಡಲು ಹೋಗಬೇಡ, ಮೆಟ್ಟಿಲು ಹತ್ತಿ ಸುಸ್ತಾದರೆ ಅಲ್ಲೇ ಕೂತುಬಿಡು. ಭಾಷಣ ಮಾಡಬಾರದು ಅಂತಲೇ ಶುರು ಮಾಡಿದೆ, ಆದರೂ ಇಷ್ಟುದ್ದ ಆಯಿತು.

ಗೆಳತಿ ಇನ್ನೊಂದು ವಿಷಯವನ್ನೂ ಹೇಳಿದಳು. ಅವಳನ್ನು ಬೈಯಬೇಡ. ನಿನಗೆ ಸರಿಯಾಗಿ ನಿದ್ದೆ ಬಂದು ತಿಂಗಳುಗಳೇ ಆದವಂತೆ. ರಾತ್ರಿ ಹನ್ನೊಂದಕ್ಕೆ, ಮೂರಕ್ಕೆ, ಏಳಕ್ಕೆ ನಿನ್ನ ಫೋನಿನಲ್ಲಿ ಅಲಾರಂ ಹೊಡೆಯುತ್ತದಂತೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ನಾಲ್ಕು ಗಂಟೆಗೊಮ್ಮೆ ಹಾಳೆ ತಳ್ಳುತ್ತಿದ್ದ ಹೊತ್ತು ಅದು. ಅವಳು ಹೇಳಿದಾಗ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಆ ರಾತ್ರಿ ನಿದ್ದೆ ಹೋದೆ ಅಂತ ನಿನ್ನನ್ನು ನೀನೇ ಬೈದುಕೊಳ್ಳುತ್ತಿದ್ದೀಯಾ? ಹಾಗಿದ್ದರೆ ಕೇಳು. ನೀನು ಮಲಗಿದ್ದಕ್ಕೆ ನನಗೆ ಹಾಗಾಗಲಿಲ್ಲ. ನಾನು ಸುಳ್ಳು ಬರೆದಿದ್ದಕ್ಕೆ ನೀನು ಮಲಗಿದೆ. ತಪ್ಪು ಪೂರ್ತಿ ನನ್ನದು. ನನ್ನನ್ನು ಕ್ಷಮಿಸು ಮಗಳೇ. ಇದನ್ನು ಹೋದ ವರ್ಷವೇ ನಿನ್ನ ಎದುರಿಗೆ ಕೂತು ಹೇಳಬೇಕಿತ್ತು. ಮನೆಗೆ ಬಂದ ಮೇಲೆ ಎಲ್ಲರೂ ನಗುತ್ತಿದ್ದೆವು, ಮತ್ತೆ ಯಾಕೆ ಕೆದಕುವುದು ಅಂತ ಸುಮ್ಮನಾದೆ.

ಕೋವಿಡ್‌ನ ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ, ಖಿನ್ನತೆ ಶೇ 25ರಷ್ಟು ಹೆಚ್ಚಿತು ಅಂತ ಈ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಜಾಸ್ತಿ ಪೆಟ್ಟು ಬಿದ್ದಿದ್ದು ಹೆಣ್ಣುಮಕ್ಕಳಿಗೆ, ಚಿಕ್ಕ ವಯಸ್ಸಿನವರಿಗೆ. ಅದನ್ನು ಓದಿದಾಗ ನನಗೆ ನೀನು ನೆನಪಾಗಲೇ ಇಲ್ಲ. ನನ್ನ ಮಗಳು ಗಟ್ಟಿ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಗಟ್ಟಿ ಹೌದು. ಗಟ್ಟಿ ಇರುವವರಿಗೂ ನಿದ್ದೆ ಬೇಕು. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಬೇಕಂತೆ. ನಿನಗೆ ತಿಂಗಳುಗಳೇ ಆಗಿವೆ. ಜ್ವರ ಇಳಿದ ಮೇಲೆ ಹೋಗೋಣ. ನಾನೂ ಬರುತ್ತೇನೆ. ಬೇಡ ಅಂದರೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ, ಒಳಗೆ ಏನು ಮಾತಾಡಿದೆ ಅಂತ ಕೇಳುವುದಿಲ್ಲ.

ಇವತ್ತು ಮೂರು ಗಂಟೆಯ ಅಲಾರಂ ಒಂದನ್ನು ತೆಗೆದುಬಿಡು. ಆ ಹೊತ್ತಿಗೆ ನಾನು ಎಚ್ಚರ ಇರುತ್ತೇನೆ. ಏನಾದರೂ ಅನ್ನಿಸಿದರೆ ಫೋನ್ ಮಾಡು, ಮೊದಲ ರಿಂಗಿಗೇ ಎತ್ತುತ್ತೇನೆ.

ನಿನ್ನ ಹಾಗೆ ನಾನೂ ಒಂದು ಹಾಳೆಗೆ ಗೆರೆ ಎಳೆದಿದ್ದೇನೆ. ಇವತ್ತು ಬೆಳಿಗ್ಗೆ ಏಳಕ್ಕೆ ನನ್ನದು 97. ಜ್ವರ ಇಲ್ಲ. ನಾಡಿ 88, ಸ್ವಲ್ಪ ಜಾಸ್ತಿ. ನಿದ್ದೆ ಅಂತ ಐದನೇ ಕಾಲಂ ಹಾಕಿದ್ದೇನೆ, ಅದರಲ್ಲಿ ಎರಡು ಗಂಟೆ ಅಂತ ಬರೆದಿದೆ. ನಿನ್ನದನ್ನು ಕಳಿಸು, ಐದೂ ಕಾಲಂ.

ಅಪ್ಪ