ಶುಲ್ಕ ಕಟ್ಟುವ ಮುನ್ನ ವಿಚಾರಿಸಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಆನರ್ ಸೊಸೈಟಿಗಳ (ಓದಿನಲ್ಲಿ ಮುಂದಿರುವವರನ್ನು ಗೌರವಿಸಿ ಸದಸ್ಯರನ್ನಾಗಿಸುವ ಸಂಘಗಳ) ಹೆಸರಿನಲ್ಲಿ ಆಹ್ವಾನದ ಇಮೇಲ್‌ಗಳು ಬರುತ್ತವೆ. ಎಲ್ಲವೂ ಒಂದೇ ತೂಕದವಲ್ಲ. 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾಗೆ ಯಾರೂ ಅರ್ಜಿ ಹಾಕುವಂತಿಲ್ಲ. ಆಯಾ ಕಾಲೇಜಿನಲ್ಲಿರುವ ಅದರ ಘಟಕವೇ ಅಂಕಗಳನ್ನೂ ಓದಿದ ವಿಷಯಗಳ ವೈವಿಧ್ಯವನ್ನೂ ನೋಡಿ ಆರಿಸುತ್ತದೆ. ಎಂಜಿನಿಯರಿಂಗ್‌ನ ಟೌ ಬೀಟಾ ಪೈ, ಮೂರನೇ ವರ್ಷದ ತರಗತಿಯ ಮೇಲಿನ ಎಂಟನೇ ಒಂದು ಭಾಗ, ಅಂತಿಮ ವರ್ಷದ ಮೇಲಿನ ಐದನೇ ಒಂದು ಭಾಗದಿಂದ ಆಯ್ದುಕೊಳ್ಳುತ್ತದೆ. ಅಂಕದ ಜೊತೆ ನಡತೆಯನ್ನೂ ತೂಗುತ್ತದೆ. ಅಂಕಪಟ್ಟಿಯನ್ನೇ ಕೇಳದ, ಘಟಕವೇ ಇಲ್ಲದ ಸಂಸ್ಥೆ ಕೊಡುವುದು ಬರೀ ಕಾಗದ. ನಿಜವಾದ ಸೊಸೈಟಿಗಳೂ ಸೇರ್ಪಡೆ ಶುಲ್ಕ ಪಡೆಯುತ್ತವೆ, ಆದ್ದರಿಂದ ಶುಲ್ಕವೊಂದೇ ಮೋಸದ ಗುರುತಲ್ಲ. ಕ್ಯಾಂಪಸ್ಸಿನಲ್ಲಿ ಘಟಕವಿದೆಯೇ, ಅದರ ಹೊಣೆ ಹೊತ್ತ ಅಧ್ಯಾಪಕರು ಯಾರು ಎಂದು ಮೊದಲು ಡೀನ್ ಕಚೇರಿಯಲ್ಲಿ ಕೇಳಿ.

– ನಿವೃತ್ತ ಅಧ್ಯಾಪಕ, ಧಾರವಾಡ