ಮಡಚುವ ಟೇಬಲ್

ಕಳೆದ ವಾರ ಒಂದು ದಿನ ರಜೆ ಹಾಕಿ ಮಗಳನ್ನು ನೋಡಲು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಮಧ್ಯಾಹ್ನದ ಹೊತ್ತು, ಕ್ಯಾಂಪಸ್‌ನ ಬಯಲು ಸ್ಪ್ರೌಲ್ ಪ್ಲಾಜಾದಲ್ಲಿ ಥೇಟ್ ಸಂತೆ. ಸಾಲಾಗಿ ಟೇಬಲ್‌ಗಳು. ಒಬ್ಬ ಡ್ಯಾನ್ಸ್ ತಂಡಕ್ಕೆ ಕರೆಯುತ್ತಿದ್ದ, ಇನ್ನೊಬ್ಬಳು ಮನೆ ಬಾಡಿಗೆ ಜಾಸ್ತಿಯಾಗಿದೆ ಅಂತ ಸಹಿ ಕೇಳುತ್ತಿದ್ದಳು. 'ಅಮ್ಮಾ, ನಾನೂ ವಾರಕ್ಕೆರಡು ದಿನ ಇಲ್ಲಿ ಕೂರ್ತೀನಿ. ಮತದಾರರ ನೋಂದಣಿ ಮಾಡ್ಸೋಕೆ' ಅಂದಳು ಮಗಳು.

'ನಿಂಗ್ಯಾಕೆ ಬೇಕು ಇದೆಲ್ಲ? ಸುಮ್ನೆ ಓದ್ಕೊಂಡಿರು.' ಬಾಯಿ ತಪ್ಪಿ ಬಂದೇಬಿಟ್ಟಿತು. ನಮ್ಮಪ್ಪ ನನಗೆ ಹೇಳಿದ್ದೂ ಇದನ್ನೇ.

ಅವಳು ವಾದ ಮಾಡಲಿಲ್ಲ. ಅಲ್ಲಿಯ ಮೆಟ್ಟಿಲ ಮೇಲೆ ಕೂರಿಸಿ, ಡಬ್ಬಿ ತೆರೆದು, ತಿನ್ನುತ್ತಾ ಕಥೆ ಹೇಳಿದಳು. ಅರ್ಧ ನನಗೆ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ.

1964ರಲ್ಲಿ ಇಲ್ಲಿ ಜಗಳ ಹತ್ತಿಕೊಂಡಿದ್ದೇ ಇಂಥ ಟೇಬಲ್‌ಗಳಿಂದ. ಕ್ಯಾಂಪಸ್ ಬಾಗಿಲಿನ ಹತ್ತಿರ 26 ಅಡಿ ಅಗಲದ ಒಂದು ಪಟ್ಟಿ ಜಾಗ. ಅದು ಊರಿನದು ಎಂದುಕೊಂಡು ವಿದ್ಯಾರ್ಥಿಗಳು ಅಲ್ಲಿ ಕರಪತ್ರ ಹಂಚುತ್ತಿದ್ದರು, ಚಂದಾ ಎತ್ತುತ್ತಿದ್ದರು. ಜಾಗ ನಮ್ಮದು, ರಾಜಕೀಯ ಕೂಡದು ಎಂದಿತು ವಿಶ್ವವಿದ್ಯಾಲಯ. ಆ ಬೇಸಿಗೆಯಲ್ಲಿ ಕೆಲವರು ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರ ಮತದಾರರ ನೋಂದಣಿಗೆ ದುಡಿದು ಬಂದಿದ್ದರು. ಅಂಥವರು ಸುಮ್ಮನಿರುತ್ತಾರಾ? ಅಕ್ಟೋಬರ್ 1ರಂದು, ಟೇಬಲ್ ಹಾಕಿ ಕೂತಿದ್ದ ಜ್ಯಾಕ್ ವೈನ್‌ಬರ್ಗ್‌ನನ್ನು ಪೊಲೀಸರು ಹಿಡಿದು ಕಾರಿಗೆ ಹತ್ತಿಸಿದರು. ಸುತ್ತ ನೂರಾರು ವಿದ್ಯಾರ್ಥಿಗಳು ನೆಲಕ್ಕೆ ಕೂತೇಬಿಟ್ಟರು. ಕಾರು 32 ಗಂಟೆ ಅಲುಗಲಿಲ್ಲ, ವೈನ್‌ಬರ್ಗ್ ಒಳಗೇ ಇದ್ದ.

ಆ ಕಾರಿನ ಚಾವಣಿಯೇ ವೇದಿಕೆಯಾಯಿತು. ಮಾರಿಯೋ ಸಾವಿಯೋ ಎಂಬ ಹುಡುಗ ಹತ್ತಿ ಮಾತಾಡಿದ. ಹತ್ತುವ ಮುಂಚೆ ಬೂಟು ಬಿಚ್ಚಿದನಂತೆ, ಕಾರಿಗೆ ಪೆಟ್ಟಾಗಬಾರದು ಅಂತ! ಅವನಿಗೆ ಮಾತು ತೊದಲುತ್ತಿತ್ತು ಎಂಬುದನ್ನೂ ಮಗಳೇ ಹೇಳಿದ್ದು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತ ಕಟ್ಟಡವಾದ ಸ್ಪ್ರೌಲ್ ಹಾಲ್‌ನಲ್ಲಿ ಧರಣಿ ಕೂತ ಸುಮಾರು 800 ಜನರ ಬಂಧನವಾಯಿತು. ಕೆಲವೇ ದಿನದಲ್ಲಿ ಪ್ರಾಧ್ಯಾಪಕರ ಸಭೆ 824-115 ಮತಗಳಿಂದ ವಿದ್ಯಾರ್ಥಿಗಳ ಪರ ನಿಂತಿತು. ನಾವು ಕೂತು ಚಿತ್ರಾನ್ನ ತಿಂದ ಮೆಟ್ಟಿಲುಗಳಿಗೆ 1997ರಲ್ಲಿ ಸಾವಿಯೋ ಹೆಸರಿಟ್ಟಿದ್ದಾರೆ. ಆಗ ಅವನು ತೀರಿಕೊಂಡು ಒಂದು ವರ್ಷವಾಗಿತ್ತು.

ವೀಸಾದ ಮೇಲೆ ಬಂದು ಓದುವ ಮಕ್ಕಳ ಅಳುಕು ಬೇರೆ. ಅವರಿಗೆ ಮತವೂ ಇಲ್ಲ, ಹುಷಾರಾಗಿರು ಎಂದು ಅವರಿಗೆ ಹೇಳುವುದು ತಪ್ಪೂ ಅಲ್ಲ. ಆದರೆ ಇಲ್ಲೇ ಹುಟ್ಟಿದವರಿಗೂ ನಾವು ನಮ್ಮ ವೀಸಾ ಕಾಲದ ಭಯವನ್ನು ಚಟ್ನಿಪುಡಿ ಜೊತೆ ಕಟ್ಟಿ ಕಳಿಸುತ್ತಿದ್ದೇವೆ, ಅಲ್ವಾ? ಹಬ್ಬಕ್ಕೆ ಸಭಾಂಗಣ ಸಿಗದಿದ್ದಾಗ ಮಾತ್ರ ನಗರಸಭೆ ನೆನಪಾಗುವ ಜನ ನಾವು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹೊರಡುವಾಗ ಮಗಳು ಮೆಲ್ಲಗೆ ಕೇಳಿದಳು: 'ನಮ್ ಟೇಬಲ್ ಕಾಲು ಮುರ್ದಿದೆ. ಗ್ಯಾರೇಜಲ್ಲಿ ಕನ್ನಡ ಕೂಟದ ಟೇಬಲ್‌ಗಳಿವೆಯಲ್ಲ, ಒಂದು ಕೊಡ್ತೀಯಾ?'

ಕೊಟ್ಟಿದ್ದೇನೆ. ಯುಗಾದಿಯ ಸಾರಿನ ಕಲೆ ಇರುವ ಆ ಉದ್ದದ್ದು. ಸಮಿತಿಯವರನ್ನು ಕೇಳದೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ. ರಾಜ್ಯೋತ್ಸವಕ್ಕೆ ಮೊದಲು ವಾಪಸ್ ಬರುತ್ತದೆ.