ಮಗಳಿಗೊಂದು ಪತ್ರ: ಜಿಲ್ಕೆ, ಸಿಲ್ಕೆ, ರೇಷ್ಮಾ

ಪುಟ್ಟಿ,

ಫ್ಲೆನ್ಸ್‌ಬರ್ಗ್‌ನಲ್ಲಿ ಚಳಿ ಶುರುವಾಗಿರಬೇಕು, ಅಲ್ವಾ? ನಿನ್ನ ಮನೆ ಓನರ್ ಜಿಲ್ಕೆ ಅವರನ್ನು ಕೇಳಿದೆ ಅಂತ ಹೇಳು.

ಅಂಚೆ ಡಬ್ಬಿ ಮೇಲೆ ಅವರ ಹೆಸರು Silke ಅಂತ ಇದ್ದದ್ದು ನೋಡಿ, ಅಲ್ಲಿ ಮೊದಲಿನ S ‘ಜ’ ಆಗುತ್ತೆ ಅಂತ ಗೊತ್ತಿಲ್ಲದೆ ನಾನು ‘ಸಿಲ್ಕೆ’ ಅಂತ ಓದಿದ್ದು ನೆನಪಿದೆಯಾ? ರೇಷ್ಮೆ ಅಂತಲೇ ಅರ್ಥ ಇರಬೇಕು ಅಂತ ಕೇಳಿಯೂ ಬಿಟ್ಟೆ. ಅವರು ನಕ್ಕರು. ಜರ್ಮನ್ ಭಾಷೆಯಲ್ಲಿ ರೇಷ್ಮೆಗೆ ‘ಜೈಡೆ’ ಅಂತಾರಂತೆ. ಅದು ಲ್ಯಾಟಿನ್‌ನಲ್ಲಿ ಬಿರುಸು ಕೂದಲಿಗಿದ್ದ ಹೆಸರಂತೆ. ಅಷ್ಟು ನಯವಾದ ಬಟ್ಟೆಗೆ ಹಂದಿ ಕೂದಲಿನ ಹೆಸರು! ಇವರ ಜಿಲ್ಕೆ ಮಾತ್ರ ಸೆಸಿಲಿಯಾ ಅನ್ನೋದರ ಮೊಟಕು. ಉತ್ತರ ಜರ್ಮನಿಯವರು ಕೊನೆಗೊಂದು ‘ಕೆ’ ಸೇರಿಸಿ ಮುದ್ದು ಮಾಡುತ್ತಾರೆ. ಹೈಕೆ, ಆಂಕೆ, ಎಲ್ಕೆ. ನಾನು ಪುಟ್ಟಿ ಅನ್ನೋ ಹಾಗೆ.

ಮಾರನೆಯ ದಿನ ಗಡಿ ದಾಟಿ ಡೆನ್ಮಾರ್ಕಿಗೆ ಹೋದರೆ ಅಂಗಡಿಯ ಶಾಲಿಗೆ ಅದೇ ಹೆಸರಿನ ಚೀಟಿ! ಅಲ್ಲಿ ಸಿಲ್ಕೆ ಅಂದರೆ ರೇಷ್ಮೆಯೇ. ಹೆಣ್ಣುಮಕ್ಕಳಿಗೂ ಇಡುತ್ತಾರೆ. ಫ್ಲೆನ್ಸ್‌ಬರ್ಗ್ ಕೂಡ 1864ರವರೆಗೆ ಡೆನ್ಮಾರ್ಕ್ ರಾಜನ ಕೈಯಲ್ಲೇ ಇತ್ತು. 1920ರಲ್ಲಿ ಊರಿನವರು ಮತ ಹಾಕಿ ಜರ್ಮನಿಯಲ್ಲಿ ಉಳಿದರು. ಮತ ಆ ಕಡೆ ಬಿದ್ದಿದ್ದರೆ ನಿಮ್ಮ ಓನರ್ ಹೆಸರೂ ರೇಷ್ಮೆ ಆಗಿಬಿಡುತ್ತಿತ್ತು ನೋಡು.

ನಿನ್ನ ಹೆಸರಿಗೆ ಆ ತಾಪತ್ರಯ ಇಲ್ಲ. ನೀನು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳವರೆಗೂ ರಾಮನಗರದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದೆ. ಕುದಿಸಿದ ಗೂಡು ಬಿಸಿನೀರಲ್ಲಿ ತೇಲುತ್ತಿರುತ್ತೆ. ಎಳೆಯ ತುದಿ ಸಿಗೋವರೆಗೆ ಬೆರಳಲ್ಲಿ ತಡಕಬೇಕು. ಸಿಕ್ಕಿದ ಮೇಲೆ ಒಂದೊಂದು ಗೂಡಿನಿಂದ ನೂರಾರು ಮೀಟರ್ ಬಿಚ್ಚಿಕೊಳ್ಳುತ್ತಲೇ ಇರುತ್ತೆ. ಸಂಜೆ ಹೊತ್ತಿಗೆ ಬೆರಳೆಲ್ಲ ಬಿಳಿಚಿ ಸುಕ್ಕು. ಆ ವಾಸನೆ ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಅಷ್ಟು ನೂಲು ತೆಗೆದವಳ ಹತ್ತಿರ ಒಂದು ರೇಷ್ಮೆ ಸೀರೆ ಇರಲಿಲ್ಲ. ಹೆಣ್ಣಾದರೆ ರೇಷ್ಮಾ ಅಂತಲೇ ಇಡುತ್ತೀನಿ ಅಂತ ಹಟ ಹಿಡಿದೆ. ನಿಮ್ಮಜ್ಜಿ, ‘ದೇವರ ಹೆಸರು ಒಂದೂ ಸಿಗಲಿಲ್ವೇನೇ?’ ಅಂದರು. ರೇಷ್ಮೆ ಅನ್ನೋದೂ ಪರ್ಷಿಯನ್ ಭಾಷೆ ಕಡೆಯಿಂದ ಬಂದ ಮಾತೇ ಬಿಡು. ನಮ್ಮ ಹಿರಿಯರು ಪಟ್ಟೆ ಅನ್ನುತ್ತಿದ್ದರು. ಪಟ್ಟಮ್ಮ ಅಂತ ಇಟ್ಟಿದ್ದರೆ ನೀನು ನನ್ನನ್ನು ಸುಮ್ನೆ ಬಿಡುತ್ತಿದ್ಯಾ?

ಜಿಲ್ಕೆ ಅವರಿಗೆ ಇಲ್ಲಿಂದ ಒಂದು ಶಾಲು ಕಳಿಸುತ್ತಿದ್ದೀನಿ. ಒಳಗೇನಿದೆ ಅಂತ ಪಾರ್ಸೆಲ್ ಮೇಲೆ ಬರೆಯಬೇಕಂತೆ. ಆ ‘ಜೈಡೆ’ಯನ್ನು ಅವರ ಅಕ್ಷರದಲ್ಲಿ ಬರೆದು ವಾಟ್ಸಾಪ್ ಮಾಡು.

ನಿನ್ನ ಅಮ್ಮ